ಹೊಸ್ತಿಲಾಚೆಯ ಸಾಂಗ್ರಿಯಾ

ಕಳೆದ ವಾರ ಕ್ರೋಯ್ಡನ್ನಿನ ನಮ್ಮ ಫ್ಲ್ಯಾಟಿನ ಲಿಫ್ಟಿನಲ್ಲಿ ಯಾರೋ ಒಂದು ಜಗ್ ಸಾಂಗ್ರಿಯಾ ಚೆಲ್ಲಿದ್ದರು. ಒರೆಸುವ ಶಾಸ್ತ್ರವೇನೋ ಆಗಿತ್ತು. ಆದರೆ ಮೂಲೆಯಲ್ಲಿ ಕಿತ್ತಳೆಯದೊಂದು ಬಿಲ್ಲೆ ಹಾಗೇ ಅಂಟಿಕೊಂಡಿತ್ತು. ಲಿಫ್ಟಿನ ಬಾಗಿಲು ಮುಚ್ಚಿದ್ದೇ ತಡ, ಕೆಂಪು ವೈನು, ಕಿತ್ತಳೆ ಸಿಪ್ಪೆ, ದಾಲ್ಚಿನ್ನಿ ಮೂರೂ ಕೂಡಿದ ಆ ವಾಸನೆ ಮೂಗಿಗೆ ಬಡಿಯಿತು. ಪಕ್ಕದಲ್ಲಿದ್ದ ಹೆಂಗಸು ಮುಖ ಕಿವುಚಿಕೊಂಡು, ಇದನ್ನು ಕೌನ್ಸಿಲ್ಲಿಗೆ ಬರೆದು ಹಾಕಬೇಕು ಅಂದಳು. ನಾನು ಹೂಂಗುಟ್ಟಿದೆ. ನನ್ನ ಮಹಡಿ ಬಂದರೂ ಇಳಿಯಲಿಲ್ಲ. ಕೊನೆಯ ಮಹಡಿವರೆಗೂ ಹೋಗಿ, ಮತ್ತೆ ಕೆಳಗೆ ಬಂದು, ಅಲ್ಲೇ ನಿಂತಿದ್ದೆ... ಕಣ್ಣು ತುಂಬಿ ಯಾವ ಬಟನ್ ಒತ್ತಬೇಕೆಂದೂ ಕಾಣುತ್ತಿರಲಿಲ್ಲ.

ನನಗೆ ಕಾಕು ನೆನಪಾಗಿದ್ದರು.

ಕಾಕು ನನಗೆ ಸಂಬಂಧದಲ್ಲಿ ಏನೂ ಆಗಬೇಕಾದವರಲ್ಲ. ನಾನು ಮೈಸೂರಿನವಳು, ಅವರು ಧಾರವಾಡದವರು. ಈ ಇಂಗ್ಲಿಷರ ನಾಡಿನ ಕಿಂಗ್ಸ್‌ಬರಿಯಲ್ಲಿ ಅವರ ಪಕ್ಕದ ಮನೆಯ ಮೇಲ್ಮಹಡಿಯನ್ನು ನಾನು ಬಾಡಿಗೆಗೆ ಹಿಡಿದಿದ್ದೆ. ಮೊದಲ ದಿನ ನಾನು ಪೆಟ್ಟಿಗೆಗಳನ್ನು ಏರಿಸುತ್ತಿದ್ದಾಗ ಬೇಲಿಯ ಆಚೆಯಿಂದ ಒಂದು ತಲೆ ಕಾಣಿಸಿತು. "ಕನ್ನಡದಾಕಿ ಏನವಾ ನೀನು?" ನಾನು ಫೋನಿನಲ್ಲಿ ಅಮ್ಮನ ಜೊತೆ ಜಗಳವಾಡುತ್ತಿದ್ದದ್ದು ಅವರಿಗೆ ಕೇಳಿಸಿತ್ತು. ಹೌದು ಆಂಟಿ ಅಂದೆ. "ಆಂಟಿ-ಗೀಂಟಿ ಬ್ಯಾಡ, ಕಾಕು ಅನ್ನು. ಏನರೆ ತಿಂದೀಯೋ ಇಲ್ಲೋ?" ಅಂದು, ಉತ್ತರಕ್ಕೂ ಕಾಯದೆ ಒಳಗೆ ಹೋಗಿ ಎರಡು ಜೋಳದ ರೊಟ್ಟಿ, ಅದರ ಮೇಲೆ ಮಡಿಕೆಕಾಳು ಪಲ್ಯ, ಶೇಂಗಾ ಚಟ್ನಿ ಇಟ್ಟು ಬೇಲಿಯ ಮೇಲಿಂದಲೇ ದಾಟಿಸಿದರು. ಮೈಸೂರಿನವಳಾದ ನಾನು ಆ ಖಾರಕ್ಕೆ ಮೂಗು ಕಣ್ಣು ಒರೆಸಿಕೊಳ್ಳುತ್ತಾ ತಿಂದೆ. ಅವತ್ತಿನಿಂದ ನನ್ನ ಅಡಿಗೆಮನೆಗೆ ಅರ್ಧ ರಜೆ.

ಅವರ ಯಜಮಾನರನ್ನು ನಾನು ಕಾಕಾ ಅನ್ನುತ್ತಿದ್ದೆ. ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮುಂಚೆ ಮಂದಿಯನ್ನು ನಿದ್ದೆಗೆ ಜಾರಿಸುವ ಡಾಕ್ಟರಾಗಿ ಅಷ್ಟೂ ವರ್ಷ ದುಡಿದು ನಿವೃತ್ತರಾದವರು. ಹಾಗಾಗಿಯೋ ಏನೋ, ಉಳಿದ ಆಯುಷ್ಯವನ್ನು ಜನರನ್ನು ಎಚ್ಚರವಾಗಿಟ್ಟು ಮಾತಾಡಿಸುವುದಕ್ಕೇ ಮುಡಿಪಿಟ್ಟಿದ್ದರು. ವರ್ಷಕ್ಕೊಮ್ಮೆ ಕಾಕುವನ್ನು ಕರೆದುಕೊಂಡು ಸ್ಪೇನಿಗೆ ಹೋಗುತ್ತಿದ್ದರು, ಪ್ರತಿ ಸಲವೂ ಬೇರೆ ಸೀಮೆಗೆ. ಬೇರೆಯವರು ಫ್ರಿಜ್ಜಿಗೆ ಅಂಟಿಸುವ ಆಟಿಕೆ ತಂದರೆ ಇವರು ಆ ಸೀಮೆಯಲ್ಲಿ ಸಾಂಗ್ರಿಯಾ ಬೆರೆಸುವ ರೀತಿಯನ್ನು ಕಲಿತು ಬರುತ್ತಿದ್ದರು. ಸಾಂಗ್ರಿಯಾ ಅಂದರೆ ಪ್ರವಾಸಿಗರಿಗೆ ಹೋಟೆಲಿನವರು ಸುರಿಯುವ ಕೆಂಪು ಸಕ್ಕರೆ ನೀರಲ್ಲ, ನಮ್ಮಲ್ಲಿ ಸಾರು ಹೇಗೆ ಊರಿಗೊಂದು ಬಗೆಯೋ ಅದೂ ಹಾಗೇ ಅನ್ನುವುದು ಅವರ ಸಿದ್ಧಾಂತ. ನಡುನಾಡಿನ ಲಾ ಮಾಂಚಾದವರು ಬಿಳಿ ವೈನಿಗೆ ಪೀಚ್ ಹಣ್ಣು ಹೆಚ್ಚಿ ಹಾಕಿ ತಣ್ಣಗೆ ಮಾಡುತ್ತಾರೆ. ಉತ್ತರದ ರಿಯೋಹಾದವರು ಕೆಂಪು ವೈನಿಗೆ ದಾಲ್ಚಿನ್ನಿ, ನಿಂಬೆ ಸಿಪ್ಪೆ, ಒಣ ಹಣ್ಣು ಹಾಕಿ ಉಪ್ಪಿನಕಾಯಿಯ ಹಾಗೆ ದಿನಗಟ್ಟಲೆ ಊರಲು ಬಿಡುತ್ತಾರೆ. ತೆಂಕಣದ ಬಿಸಿಲಿನವರಿಗೆ ಅಷ್ಟು ತಾಳ್ಮೆ ಇಲ್ಲ, ಕೆಂಪು ವೈನಿಗೆ ನಿಂಬೆ ಸೋಡ ಸುರಿದು ಮುಗಿಸುತ್ತಾರೆ. ವಲೆನ್ಸಿಯಾದವರದು ಕಿತ್ತಳೆ ರಸಕ್ಕೆ ನೊರೆ ಏಳುವ ವೈನು. ಅದನ್ನು ಸಾಂಗ್ರಿಯಾ ಅನ್ನಬಾರದು ಅಂತ ಜಗಳಕ್ಕೆ ಬರುವವರೂ ಇದ್ದಾರಂತೆ. ಕಾಕಾ ಅವರೆಲ್ಲರ ಜೊತೆ ಜಗಳವಾಡಿ ಬಂದಿದ್ದರು.

ಕಾಕು ಮಾತ್ರ ಒಂದು ಹನಿಯನ್ನೂ ನಾಲಗೆಗೆ ಮುಟ್ಟಿಸಿದವರಲ್ಲ. ಅವರ ದೇವರ ಗೂಡು ಇದ್ದದ್ದು ಅಡಿಗೆಮನೆಯಲ್ಲಿ, ಅಕ್ಕಿ-ಬೇಳೆ ಇಡುವ ಕಪಾಟಿನ ಪಕ್ಕದಲ್ಲಿ. ಹಾಗಾಗಿ ವೈನಿನ ಜಗ್ಗು ಅಡಿಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಬೆರೆಸುವುದೆಲ್ಲ ಹಿತ್ತಲಿನ ಗ್ಯಾರೇಜಿನಲ್ಲಿ. ಆದರೆ ಯಾವ ಸಾಂಗ್ರಿಯಾ ಜೊತೆ ಯಾವ ತಿನಿಸು ಅಂತ ತೀರ್ಮಾನ ಮಾಡುವವರು ಮಾತ್ರ ಕಾಕುವೇ! ಕಾಕಾ ಹಿತ್ತಲ ಬಾಗಿಲ ಹೊರಗೆ, ತುಂತುರು ಮಳೆಯಿದ್ದರೂ, ಜಗ್ಗು ಮುಂದಕ್ಕೆ ಚಾಚಿ ನಿಲ್ಲುತ್ತಿದ್ದರು. ಕಾಕು ಒಳಗಿನಿಂದ ಸೆರಗು ಸಿಕ್ಕಿಸಿಕೊಂಡು, ಬಾಗಿಲ ಚೌಕಟ್ಟು ಹಿಡಿದು, ಕಣ್ಣು ಮುಚ್ಚಿ ಬಾಗಿ ಮೂಸುತ್ತಿದ್ದರು. ಅವರು ಕಣ್ಣು ಬಿಡುವ ತನಕ ಕಾಕಾ ಉಸಿರು ಬಿಡುತ್ತಿರಲಿಲ್ಲ.

"ಇದಕ್ಕ ಮಿರ್ಚಿ ಭಜಿ," ಅಂದಿದ್ದರು ವಲೆನ್ಸಿಯಾದ್ದಕ್ಕೆ. "ಎಣ್ಣಿ ಜಿಡ್ಡೆಲ್ಲಾ ಆ ನೊರಿ ತೊಳದುಬಿಡ್ತದ." ನಿಂಬೆ ಸೋಡದ್ದಕ್ಕೆ ಮಂಡಕ್ಕಿಯ ಗಿರ್ಮಿಟ್ಟು. ಪೀಚ್ ಹಣ್ಣಿನದ್ದಕ್ಕೂ ಗಿರ್ಮಿಟ್ಟೇ ಆಗಬಹುದಲ್ಲ ಅಂತ ನಾನು ಬಾಯಿ ಹಾಕಿದಾಗ ನನ್ನನ್ನು ಪಾಪದವಳಂತೆ ನೋಡಿ, "ಹಸೀ ಉಳ್ಳಾಗಡ್ಡಿ ಮುಂದ ಆ ಬಡಪಾಯಿ ಪೀಚ್ ಬದುಕ್ತದೇನವಾ? ಅದಕ್ಕ ಥಾಲಿಪಟ್ಟಿ, ಮ್ಯಾಲೆ ಬೆಣ್ಣಿ" ಅಂದರು. ದಾಲ್ಚಿನ್ನಿ ಹಾಕಿ ಊರಿಸಿದ್ದಕ್ಕೆ ಗುರೆಳ್ಳು ತುಂಬಿದ ಬದನೆಕಾಯಿ ಎಣ್ಣೆಗಾಯಿ. ಕುಡಿದು ತಿಂದು ನೋಡಿದರೆ ಅದೇ ಸರಿ ಅನ್ನಿಸುತ್ತಿತ್ತು. ಹಾಗಂತ ತಪ್ಪುತ್ತಲೇ ಇರಲಿಲ್ಲ ಅಂತಲ್ಲ. ಒಮ್ಮೆ ಯಾವುದಕ್ಕೋ ಹೂರಣದ ಹೋಳಿಗೆ ಜೋಡಿ ಮಾಡಿ ಎಲ್ಲರ ಬಾಯಿ ಕೆಡಿಸಿದ್ದರು. ಆ ಕಥೆಯನ್ನು ಅವರೇ ಹೇಳಿಕೊಂಡು ಬಿದ್ದು ಬಿದ್ದು ನಗುತ್ತಿದ್ದರು.

ಪ್ರತಿ ಬೇಸಿಗೆಯಲ್ಲೊಂದು ಭಾನುವಾರ ಅವರ ಹಿತ್ತಲಿನಲ್ಲಿ ಕನ್ನಡದವರ ಕೂಟ. ಧಾರವಾಡ, ಬೆಳಗಾವಿ, ಮೈಸೂರು ಕಡೆಯ ಡಾಕ್ಟರ ಸಂಸಾರಗಳೇ ಹೆಚ್ಚು. ಕಾಕು ಕೂತದ್ದನ್ನು ನಾನು ನೋಡಿದ್ದೇ ಇಲ್ಲ. ಅಡಿಗೆಮನೆಗೂ ಹಿತ್ತಲಿಗೂ ಓಡಾಡುತ್ತಾ, ಬಡಿಸುತ್ತಾ, ಬೈಯುತ್ತಾ, ತಟ್ಟೆ ಖಾಲಿಯಾದವರನ್ನು ಹಿಡಿದು ಮತ್ತೆ ಕೂರಿಸುತ್ತಾ ಇರುತ್ತಿದ್ದರು. ನೀವೂ ಬನ್ನಿ ಕಾಕು ಅಂದರೆ, "ಬಡಸಾವ್ರು ಕಡೀಕ ಉಣಬೇಕು" ಅನ್ನುತ್ತಿದ್ದರು. ಮನೆಯಲ್ಲಿ ಇಬ್ಬರೇ ಇದ್ದಾಗಲೂ ಅದೇ ಪದ್ಧತಿ. ಕಾಕಾ ಉಂಡು ಎದ್ದ ಮೇಲೆಯೇ ಅವರ ಊಟ, ಅದೂ ಅಡಿಗೆಮನೆಯಲ್ಲಿ, ಕಟ್ಟೆಗೆ ಆನಿಕೊಂಡು ಅಂತ ಕಾಕುವೇ ಹೇಳಿದ್ದರು. ಆ ಪದ್ಧತಿಯ ಮೇಲೆ ನನಗೆ ಆಗಲೇ ಸಿಟ್ಟಿತ್ತು. ಈಗಂತೂ ಅದರ ಹೆಸರೆತ್ತಿದರೆ ಮೈ ಉರಿಯುತ್ತದೆ.

ಆಮೇಲೆ ಆ ಸೋಂಕಿನ ವರ್ಷ ಬಂತು. ಇಬ್ಬರಿಗೂ ಜ್ವರ ಬಂದು ಹೋಯಿತು. ಮನೆಯಲ್ಲೇ ಗುಣವಾದರು, ದೇವರು ದೊಡ್ಡವನು ಅಂದುಕೊಂಡೆವು. ಕಾಕುವಿಗೆ ವಾಸನೆ ಹೋಗಿತ್ತು. ಯಾರಿಗೆ ಹೋಗಿರಲಿಲ್ಲ ಆಗ? ನನಗೂ ಕೆಲವು ದಿನ ಹೋಗಿ ವಾಪಸು ಬಂದಿತ್ತು. ಅವರಿಗೂ ಬರುತ್ತದೆ ಅಂದೆವು.

ಬರಲಿಲ್ಲ. ಒಂದು ಬೆಳಿಗ್ಗೆ ಬೇಲಿಯ ಆಚೆಯಿಂದ ಸುಟ್ಟ ವಾಸನೆ ಕಟುವಾಗಿ ಬಂದು ನಾನು ಮೆಟ್ಟಿಲು ಹಾರಿಕೊಂಡು ಓಡಿದೆ. ಅಡಿಗೆಮನೆ ತುಂಬ ಹೊಗೆ. ಒಗ್ಗರಣೆಯ ಸೌಟು ಒಲೆಯ ಮೇಲೆ ಕರಕಲಾಗಿತ್ತು. ಕಾಕು ಅದರ ಪಕ್ಕದಲ್ಲೇ ಬೆನ್ನು ತಿರುಗಿಸಿ ನಿಂತು, ನಿಧಾನವಾಗಿ ಕೊತ್ತಂಬರಿ ಹೆಚ್ಚುತ್ತಿದ್ದರು. ನಾನು ಒಳಗೆ ನುಗ್ಗಿದ್ದು ನೋಡಿ, "ಯಾಕವಾ, ಏನಾತು?" ಅಂದರು. ನಾನು ಒಲೆ ಆರಿಸಿದೆ. ಅವರು ಆ ಸೌಟನ್ನು ನೋಡಿದರು, ನನ್ನನ್ನು ನೋಡಿದರು, ಕೊತ್ತಂಬರಿಯನ್ನು ಮುಷ್ಟಿಯಲ್ಲಿ ಹಿಂಡಿ ಮೂಗಿಗೆ ಒತ್ತಿಕೊಂಡರು... "ಏನೂ ಇಲ್ಲ ತಂಗಿ. ಬಾಯಾಗ ಹಾಕ್ಕೊಂಡ್ರ ಕಾಗದ ಅಗದಂಗ ಆಗ್ತದ." ಕಾಕು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ದಿನವೂ ಗಾಢವಾದ ವಾಸನೆಗಳನ್ನು ಮೂಸಿ ಮೂಸಿ ಮೂಗನ್ನು ಮತ್ತೆ ಎಬ್ಬಿಸಬಹುದು ಅಂತ ಕಾಕಾ ಕೇಳಿ ತಿಳಿದುಕೊಂಡರು. ಬೇರೆಯವರು ಲವಂಗ, ನಿಂಬೆ, ಗುಲಾಬಿ ಮೂಸಿದರೆ ಇವರು ಹಿಡಿದದ್ದು ತಮ್ಮ ದಾರಿ. ಹೆಂಡತಿಯ ಮೂಗಿಗೆ ಬಹಳ ಗುರುತಿರುವ ವಾಸನೆಗಳು ಯಾವುವು ಅಂತ ಅವರಿಗೆ ಗೊತ್ತಿತ್ತಲ್ಲ. ಸರಿ, ಒಂದು ದಿನ ಲಾ ಮಾಂಚಾ, ಮಾರನೆಯ ದಿನ ವಲೆನ್ಸಿಯಾ, ಅದರ ಮಾರನೆಯ ದಿನ ರಿಯೋಹಾ. ಬೆಳಿಗ್ಗೆ ನಾನು ಕಾಫಿ ಹಿಡಿದು ಕಿಟಕಿಯಲ್ಲಿ ನಿಂತರೆ ಕೆಳಗೆ ಅದೇ ನೋಟ. ಕಾಕಾ ಹೊರಗೆ, ಕಾಕು ಒಳಗೆ, ನಡುವೆ ಜಗ್ಗು.

"ಏನರೆ ಬಂತೇನ?"

"ಇಲ್ರೀ."

"ಇರ್ಲಿ ಬಿಡು. ನಾಳೆ ನೋಡೂಣು."

ಮೂಸಿ ಮುಗಿದ ಸಾಂಗ್ರಿಯಾವನ್ನು ಚೆಲ್ಲಲು ಮನಸ್ಸಾಗದೆ ಸಂಜೆ ನನಗೆ ದಾಟಿಸುತ್ತಿದ್ದರು. ಆ ಚಳಿಗಾಲ ನಾನು ಕುಡಿದಷ್ಟು ಸಾಂಗ್ರಿಯಾವನ್ನು ಸ್ಪೇನಿನ ಹೋರಿಕಾಳಗದವರೂ ಕುಡಿದಿರಲಿಕ್ಕಿಲ್ಲ. ಮೊದಮೊದಲು ಅದನ್ನೇ ಹೇಳಿ ಇಬ್ಬರನ್ನೂ ನಗಿಸುತ್ತಿದ್ದೆ. ಆಮೇಲೆ ಯಾರೂ ನಗಲಿಲ್ಲ. ಕಾಕಾ ಗಡ್ಡ ಹೆರೆಯುವುದನ್ನು ಬಿಟ್ಟಿದ್ದರು. ಮಾತು ಕಮ್ಮಿಯಾಗಿತ್ತು. ಕಿತ್ತಳೆ ಸುಲಿದು ಸುಲಿದು ಅವರ ಉಗುರುಗಳೆಲ್ಲ ಹಳದಿಯಾಗಿದ್ದವು. ಒಂದು ಬೆಳಿಗ್ಗೆ ಕಾಕು ಇಲ್ಲ ಅಂದ ಮೇಲೆ ಅವರು ಜಗ್ಗನ್ನು ಕೆಳಗಿಟ್ಟು, ಗ್ಯಾರೇಜಿನ ಗೋಡೆಗೆ ಹಣೆ ಒತ್ತಿ ನಿಂತದ್ದನ್ನು ನಾನು ಮೇಲಿನಿಂದ ಕಂಡೆ. ಕಾಕು ಸಹ ಬಾಗಿಲಲ್ಲಿ ನಿಂತು ಕಂಡಿದ್ದರು.

ಮಾರನೆಯ ದಿನ ಜಗ್ಗು ಮುಂದೆ ಬಂದಾಗ ಕಾಕು ಬಹಳ ಹೊತ್ತು ಕಣ್ಣು ಮುಚ್ಚಿದ್ದರು. ಆಮೇಲೆ, "ದಾಲ್ಚಿನ್ನಿ... ದಾಲ್ಚಿನ್ನಿ ಬಂತ್ರೀ" ಅಂದರು.

ಕಾಕಾ ಹಿತ್ತಲಿಂದಲೇ ನನ್ನ ಹೆಸರು ಕೂಗಿದ ಕೂಗಿಗೆ ಎದುರು ಮನೆಯ ನಾಯಿಗಳು ಬೊಗಳಿದವು. ನಾನು ರಾತ್ರಿ ಉಡುಪಿನಲ್ಲೇ ಓಡಿ ಬಂದೆ. ಮೂವರೂ ನಕ್ಕೆವು. ಕಾಕಾ ಕಿತ್ತಳೆ ತರುತ್ತೇನೆ, ಮಂದಿಗೆಲ್ಲ ಫೋನ್ ಮಾಡುತ್ತೇನೆ, ಈ ಬೇಸಿಗೆಗೆ ಕೂಟ ಆಗಲೇಬೇಕು ಅನ್ನುತ್ತಾ ಅಂಗಡಿಗೆ ಹೋದರು. ಅವರ ಬೆನ್ನು ಮರೆಯಾದದ್ದೇ ಕಾಕು ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡರು.

"ಏನೂ ಬಂದಿಲ್ಲ ತಂಗಿ. ಜಗ್ಗಿನಾಗ ಚಕ್ಕಿ ತೇಲೂದು ಕಣ್ಣಿಗೆ ಕಂಡ್ತು, ಅಂದೆ. ನನ್ನ ಮೂಗು ಹೋದ್ರ ಹೋತು. ಆದ್ರ ಇವರ ಮಾರಿ ನೋಡಾಕ ಆಗವಲ್ದು ನನಗ. ನೀ ಯಾರ ಮುಂದೂ ಬಾಯಿ ಬಿಡಬ್ಯಾಡ."

ನಾನು ಬಿಡುವುದಿಲ್ಲ ಅಂದೆ. ನನಗೂ ಅದೇ ಸರಿ ಅನ್ನಿಸಿತು. ಎಷ್ಟೋ ವರ್ಷ ಒಟ್ಟಿಗೆ ಬಾಳಿದ ಹೆಂಡತಿ ಗಂಡನಿಗಾಗಿ ಇಂಥದೊಂದು ಸುಳ್ಳು ಹೇಳಿದರೆ ಅದರಲ್ಲಿ ಕೇಡೇನಿದೆ ಅಂತ ಯಾರಿಗಾದರೂ ಅನ್ನಿಸುತ್ತಿತ್ತು.

ಕೂಟದ ದಿನ ನಾನೇ ಅವರ ಮೂಗಾದೆ. ಬೆಳಿಗ್ಗೆ ಗ್ಯಾರೇಜಿಗೆ ಹೋಗಿ ಕಾಕಾ ಯಾವ ಜಗ್ಗಿಗೆ ಏನು ಬೆರೆಸಿದರು ನೋಡಿ, ಯಾವ ಜಗ್ಗು ಮೊದಲು ಬರುತ್ತದೆ, ಯಾವುದು ಆಮೇಲೆ ಅಂತ ಕಾಕುವಿನ ಕಿವಿಯಲ್ಲಿ ಹೇಳಿಬಿಟ್ಟೆ. ಮಂದಿ ಸೇರಿದ ಮೇಲೆ ಕಾಕಾ ಒಂದೊಂದೇ ಜಗ್ಗು ತಂದು ಹೊಸ್ತಿಲಾಚೆ ಚಾಚಿದರು. ಕಾಕು ಬಾಗಿದರು, ಕಣ್ಣು ಮುಚ್ಚಿದರು, "ಪೀಚ್... ಥಾಲಿಪಟ್ಟಿ ತಗೋರಿ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಕಾ ಆನಂದಕ್ಕೆ ಅಳುತ್ತಿದ್ದರು, ಅಷ್ಟು ಮಂದಿಯ ಮುಂದೆ, ನಾಚಿಕೆಯಿಲ್ಲದೆ. ನನಗೂ ಹೊಟ್ಟೆಯಲ್ಲಿ ಹಾಲು ಹೊಯ್ದ ಹಾಗಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಅವತ್ತು ಹಿತ್ತಲ ತುಂಬ ಡಾಕ್ಟರುಗಳು. ಕಾಕು ಬಹಳ ಇಳಿದುಹೋಗಿದ್ದರು. ರವಿಕೆ ತೋಳಿನಲ್ಲಿ ಜೋತಾಡುತ್ತಿತ್ತು, ಬಳೆಗಳು ಮೊಳಕೈವರೆಗೆ ಜಾರುತ್ತಿದ್ದವು. ಬೆಳಗಾವಿಯ ಡಾಕ್ಟರಮ್ಮ ಒಬ್ಬರು ಕಾಕುವಿನ ನಡು ಹಿಡಿದು, "ಏನ್ ಕಾಕು, ಎಷ್ಟ್ ಸಣ್ಣಾಗೀರಿ! ಹೆಂಗ್ರೀ ಇದು, ನಮಗೂ ಹೇಳ್ರಲ್ಲ" ಅಂದರು. ಕಾಕು ನಕ್ಕು, "ವಾಸನಿ ಇಲ್ಲದಾಗ ಊಟ ಸೇರ್ತಿದ್ದಿಲ್ಲ. ಇನ್ನ ಬಿಡ್ರಿ, ಉಂಡು ಉಂಡು ಮತ್ತ ದಪ್ಪ ಆಗ್ತೀನಿ" ಅಂದರು. ಎಲ್ಲರಿಗೂ ಆ ಮಾತು ಸರಿಯೆನ್ನಿಸಿತು. ವಾಸನೆ ಇಲ್ಲ, ಅದಕ್ಕೇ ಊಟ ಇಲ್ಲ, ಅದಕ್ಕೇ ಸೊರಗಿದ್ದಾರೆ. ಈಗ ವಾಸನೆ ಬಂದಿದೆ, ಊಟವೂ ಬರುತ್ತದೆ. ಎಲ್ಲರೂ ಹೊಟ್ಟೆ ತುಂಬ ಉಂಡು, ಕುಡಿದು, ಹಾಡು ಹೇಳಿ ಹೊರಟರು. ಕಾಕು ಕೊನೆಗೆ ಉಣ್ಣುತ್ತೇನೆ ಅಂದಿದ್ದರು. ಉಂಡರೋ ಇಲ್ಲವೋ, ನೋಡಲು ಯಾರೂ ಉಳಿದಿರಲಿಲ್ಲ.

ಎಲೆ ಉದುರುವ ಹೊತ್ತಿಗೆ ಬೆನ್ನುನೋವು ಅಂದರು. ಇಲ್ಲಿನ ಮನೆ ಡಾಕ್ಟರು ಜಿಪಿಯ ಕಡೆ ಹೋಗಿ ಅಂದರೆ, "ವಯಸ್ಸಿನ ನೋವಿಗೆಲ್ಲಾ ಜಿಪಿ ಯಾಕವಾ" ಅಂದರು. ಆಮೇಲೆ ಕಣ್ಣು ಹಳದಿಯಾಯಿತು. ಕಾಕಾ ಆ ಕಣ್ಣನ್ನು ನೋಡಿದ ಗಳಿಗೆಯಲ್ಲೇ ಅವರಿಗೆ ತಿಳಿದುಹೋಯಿತಂತೆ. ಆಸ್ಪತ್ರೆಯಲ್ಲಿ ಪರೀಕ್ಷೆಯಾಗಿ, ಹೊಟ್ಟೆಯೊಳಗಿನ ಗಡ್ಡೆ ಬಹಳ ಹರಡಿದೆ, ಕೆಲವು ತಿಂಗಳ ಹಿಂದೆಯೇ ಸಿಕ್ಕಿದ್ದರೆ ಏನಾದರೂ ಪ್ರಯತ್ನ ಮಾಡಬಹುದಿತ್ತು ಅಂತ ಅಲ್ಲಿನ ಡಾಕ್ಟರು ಮೆತ್ತಗೆ ಹೇಳಿದರು. ಮೈ ಸೊರಗಿದ್ದೂ, ಊಟ ಸೇರದ್ದೂ ಬರೀ ಮೂಗಿನ ದೆಸೆಯಿಂದಲ್ಲ, ಅದು ಬೆಳೆಯುತ್ತಿದ್ದುದರಿಂದಲೂ ಹೌದು.

ಕೊನೆಯ ದಿನಗಳಲ್ಲಿ ಕಾಕಾ ಹೊರಗೆ ಯಾರೊಂದಿಗೋ ಮಾತಾಡುತ್ತಿದ್ದಾಗ ಕಾಕು ನನ್ನನ್ನು ಹತ್ತಿರ ಕರೆದರು. ದನಿ ಇರಲಿಲ್ಲ, ತುಟಿಯಷ್ಟೇ ಅಲುಗುತ್ತಿತ್ತು. "ಆ ಮಾತು... ಇವರಿಗೆ ಹೇಳಬ್ಯಾಡವಾ. ಅದೊಂದು ಇರ್ಲಿ ಇವರ ಕಡೆ." ನಾನು ಅವರ ಹಣೆ ನೇವರಿಸಿ ಹೂಂ ಅಂದೆ. ಹೊಸ ವರ್ಷ ಹುಟ್ಟುವ ಮುಂಚೆ ಕಾಕು ಹೋದರು.

ನಾನು ಆಮೇಲೆ ಕ್ರೋಯ್ಡನ್ನಿಗೆ ಬಂದೆ. ಆ ಮನೆಯಲ್ಲಿ ಇರಲಾಗಲಿಲ್ಲ. ಬೆಳಿಗ್ಗೆ ಕಿಟಕಿಯಲ್ಲಿ ನಿಂತರೆ ಕೆಳಗೆ ಆ ಮುಚ್ಚಿದ ಬಾಗಿಲು ಕಾಣುತ್ತಿತ್ತು. ಆದರೂ ಆಗಾಗ ಕಿಂಗ್ಸ್‌ಬರಿಗೆ ಹೋಗುತ್ತೇನೆ. ಬೇರೆ ಊರಿನಲ್ಲಿದ್ದ ಅವರ ಮಗಳು ಸಂಸಾರ ಸಮೇತ ಈಗ ಅದೇ ಮನೆಗೆ ಬಂದಿದ್ದಾಳೆ. ಹೋದಾಗಲೆಲ್ಲ ಕಾಕಾ ಆ ಕೂಟದ ದಿನದ ಕಥೆಯನ್ನು ನನಗೇ ಹೇಳುತ್ತಿದ್ದರು, ನಾನು ಅಲ್ಲಿರಲೇ ಇಲ್ಲವೇನೋ ಅನ್ನುವ ಹಾಗೆ. ಅಕಿ ಹೆಂಗ ಬಾಗಿದ್ಲು, ಹೆಂಗ ಪೀಚ್ ಅಂದ್ಲು, ಮಂದಿ ಹೆಂಗ ಚಪ್ಪಾಳಿ ಹೊಡದ್ರು... ನಾನು ಹೂಂಗುಟ್ಟುತ್ತಿದ್ದೆ. ಕಾಕು ಬಯಸಿದ್ದೂ ಅದನ್ನೇ ಅಲ್ಲವೇ, ಅದೊಂದು ಇವರ ಬಳಿ ಇರಲಿ ಅಂತ.

ಲಿಫ್ಟಿನ ಆ ವಾಸನೆ ಮೂಗಿಗೆ ಬಿದ್ದ ಮೇಲೆ ತಡೆಯಲಾಗದೆ ಈ ಶನಿವಾರ ಹೋಗಿದ್ದೆ. ಕಾಕಾ ಬಹಳ ಬಾಗಿದ್ದಾರೆ. ಈ ಸಲ ಕಥೆ ಹೇಳಲಿಲ್ಲ. ಮಗಳು ಚಹಾ ಕೊಟ್ಟು ಆಚೆ ಹೋದ ಮೇಲೆ, ನನ್ನನ್ನೇ ನೋಡುತ್ತಾ ಕೇಳಿದರು.

"ತಂಗಿ, ನಾ ರಾತ್ರಿ-ಹಗಲು ಇದನ್ನಽ ವಿಚಾರ ಮಾಡ್ತೀನಿ. ಅಕಿಗೆ ವಾಸನಿ ಬಂದಿತ್ತಲ್ಲ. ಬಂದಮ್ಯಾಲೂ ಅಕಿ ಯಾಕ ದಪ್ಪ ಆಗ್ಲಿಲ್ಲ ಅಂತ ನಾ ಯಾಕ ಕೇಳಿಲ್ಲ? ಬ್ಯಾರೆ ಪೇಷಂಟ್ ಆಗಿದ್ರ ಕೇಳ್ತಿದ್ದೆ. ಡಾಕ್ಟರ್ ಇದ್ದು ಯಾಕ ಕೇಳಿಲ್ಲ?"

ಕಾಕು ಇವರ ಬಳಿ ಬಿಟ್ಟು ಹೋದ ಒಂದೇ ಒಂದು ಸಂತೋಷ ಇಷ್ಟು ದಿನ ಇವರನ್ನು ಒಳಗೊಳಗೇ ತಿನ್ನುತ್ತಿತ್ತು. ನನಗೆ ಅದು ಹೊಳೆದೇ ಇರಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡರೆ ಈ ಮುದುಕರು ಕೊರಗಿ ಕೊರಗಿ ತಮ್ಮನ್ನೇ ಕೊಂದುಕೊಳ್ಳುತ್ತಾರೆ. ಮುರಿದರೆ, ಅವರ ಬಳಿ ಇರುವ ಅದೊಂದೂ ಹೋಗುತ್ತದೆ. ನಾನು ಮುರಿದೆ.

"ವಾಸನೆ ಬಂದಿರ್ಲಿಲ್ಲ ಕಾಕಾ. ನಿಮ್ಮ ಮುಖ ನೋಡೋಕಾಗ್ದೆ ಹಾಗಂದ್ರು. ಅವತ್ತು ನಾನೇ ಒಂದೊಂದೂ ಹೇಳಿಕೊಟ್ಟಿದ್ದೆ. ನಾವಿಬ್ರೂ ಸೇರಿ ನಿಮ್ಮನ್ನ ನಂಬಿಸಿದ್ವಿ, ನಿಮ್ಗೆ ಗೊತ್ತಾಗೋ ಹಾಗೇ ಇರ್ಲಿಲ್ಲ, ನಿಮ್ ತಪ್ಪಿಲ್ಲ."

ಕಾಕಾ ಸಿಟ್ಟಾಗಲಿಲ್ಲ. ತಲೆ ತಗ್ಗಿಸಿ ತಮ್ಮ ಉಗುರುಗಳನ್ನು ಒಂದೊಂದಾಗಿ ಉಜ್ಜತೊಡಗಿದರು. ಚಹಾ ಆರಿ ಕೆನೆ ಕಟ್ಟಿತು. ನಾನು ಕ್ಷಮಿಸಿ ಅಂದದ್ದು ಅವರಿಗೆ ಕೇಳಿಸಿತೋ ಇಲ್ಲವೋ. ಕೊನೆಗೆ ತಲೆ ಎತ್ತದೆಯೇ, ಸಣ್ಣ ದನಿಯಲ್ಲಿ ಕೇಳಿದರು.

"ಹಂಗಾದ್ರ... ಅಷ್ಟೂ ದಿನ ಅಕಿಗೆ ಹಸಿವಿ ಆಗ್ತಿತ್ತೇನವಾ?"

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಅವರ ಕೈಯಿಂದ ಉಂಡವಳು ನಾನು. ಆದರೆ ಕಾಕು ಉಣ್ಣುವುದನ್ನು ನಾನು ಒಂದು ದಿನವೂ ನೋಡಿರಲಿಲ್ಲ. ಕಾಕಾನೂ ನೋಡಿರಲಿಲ್ಲ.